ಗಿಡ್ಡ ಜೋಳದ ಕಾಂಡದೊಳಗೆ

ಪುಷ್ಯಮಾಸದಲ್ಲಿ ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗಗಳ ಕಡೆಗೆ ಹೊರಟವರಿಗೆ ದಾರಿಯ ಎರಡು ಬದಿಯ ಎರೆಹೊಲಗಳಲ್ಲಿ ಕಡಲೆ, ಕುಸುಬೆಗಳ ಜೊತೆಗೆ ಹಿಂಗಾರಿ ಬಿಳಿಜೋಳವು ತೆನೆಹೊತ್ತು ನಿಂತಿರುವ ನೋಟ ಕಾಣಸಿಗುವುದು. ಈ ಜೋಳವು ಬಹುಮಟ್ಟಿಗೆ ಆಳೆತ್ತರವನ್ನು ಮೀರಿದುದು. ಬಿತ್ತಿದ ಮೇಲೆ ಮಳೆಯ ಆಸರೆ ಹೆಚ್ಚಾಗಿ ಇಲ್ಲದೆ, ಕರಿಮಣ್ಣು ಹಿಡಿದಿಟ್ಟುಕೊಂಡ ತೇವವನ್ನೇ ನಂಬಿ ಬೆಳೆದುದು. ಆದರೆ ಜೋಳದಲ್ಲಿ ಎದೆಮಟ್ಟಕ್ಕೆ, ಕೆಲವೆಡೆ ಸೊಂಟದಮಟ್ಟಕ್ಕೆ ನಿಂತುಬಿಡುವ ಗಿಡ್ಡ ತಳಿಗಳೂ ಉಂಟು. ಎರಡನ್ನೂ ಅಕ್ಕಪಕ್ಕದ ಮಡಿಗಳಲ್ಲಿ ಒಂದೇ ದಿನ ಬಿತ್ತಿ, ಒಂದೇ ಗೊಬ್ಬರ ಕೊಟ್ಟು ಬೆಳೆಸಿದರೂ ಗಿಡ್ಡವು ಗಿಡ್ಡವಾಗಿಯೇ ಉಳಿಯುವುದು. ಎಂದಮೇಲೆ ಕೊರತೆಯು ನೀರಿನದೂ ಅಲ್ಲ, ಗೊಬ್ಬರದ್ದೂ ಅಲ್ಲ. ಅದು ಬೀಜದೊಳಗೇ ಅಡಗಿದೆ.

ಬೀಜದಲ್ಲಿದೆ ಎಂದು ಹೇಳಿ ಸುಮ್ಮನಾಗುವುದು ಸುಲಭ. ಬೀಜದಲ್ಲಿ ಬರೆದಿರುವ ಆ ಅಪ್ಪಣೆಯು ಕಾಂಡದಲ್ಲಿ ಯಾವ ರೂಪದಿಂದ ನಡೆಯುತ್ತದೆ ಎಂಬುದು ನಿಜವಾದ ಪ್ರಶ್ನೆ. ಗಿಡ್ಡ ಗಿಡದ ಕಾಂಡದಲ್ಲಿ ಜೀವಕೋಶಗಳು ಕಡಿಮೆಯಿವೆಯೆ? ಅಥವಾ ಅಷ್ಟೇ ಕೋಶಗಳಿದ್ದು ಒಂದೊಂದೂ ಮೋಟಾಗಿವೆಯೆ? ಅಥವಾ ಕೋಶಗಳ ಸಾಲೇ ಕೆಟ್ಟು ಕಾಂಡವು ಸೊಟ್ಟಗಾಗಿದೆಯೆ? ಹೊರಗಿನಿಂದ ಅಳತೆಗೋಲು ಹಿಡಿದು ನೋಡಿದರೆ ಮೂರೂ ಒಂದೇ. ಸೂಕ್ಷ್ಮದರ್ಶಕದ ಕೆಳಗೆ ಅವು ಮೂರು ಬೇರೆ ಬೇರೆ ಸಂಗತಿಗಳು. ಈ ಭೇದವು ಕೇವಲ ಪಂಡಿತರ ಕುತೂಹಲಕ್ಕೆ ಸಂಬಂಧಿಸಿದುದಲ್ಲ. ಗೋದಿಯನ್ನೂ ಭತ್ತವನ್ನೂ ಗಿಡ್ಡಮಾಡಿ ಇಳುವರಿ ಹೆಚ್ಚಿಸಿದ ಉಪಾಯವು ನಮ್ಮ ಜೋಳದಲ್ಲಿ ಏಕೆ ಫಲಿಸುವಂತಿಲ್ಲ ಎಂಬುದಕ್ಕೆ ಉತ್ತರವು ಇಲ್ಲಿಯೇ ದೊರೆಯುವುದು.

ಮೊದಲು ಗಿಡವನ್ನು ಗಿಡ್ಡಮಾಡಬೇಕೆಂಬ ಆಸೆ ಏಕೆ ಬಂದಿತೆಂಬುದನ್ನು ನೋಡೋಣ. ಎತ್ತರದ ಬೆಳೆಗೆ ಗೊಬ್ಬರ, ನೀರುಗಳನ್ನು ಧಾರಾಳವಾಗಿ ಕೊಟ್ಟರೆ ತೆನೆಯು ಭಾರವಾಗುತ್ತದೆ, ಕಾಂಡವು ಇನ್ನೂ ಉದ್ದವಾಗುತ್ತದೆ. ಆಗ ಒಂದು ಬಿರುಗಾಳಿ ಬೀಸಿದರೆ ಸಾಕು, ಬೆಳೆಯು ನೆಲಕ್ಕೆ ಮಲಗಿಬಿಡುವುದು. ಮಲಗಿದ ಬೆಳೆಯಲ್ಲಿ ಕಾಳು ಜೊಳ್ಳಾಗುತ್ತದೆ, ಇಲಿ, ಗೆದ್ದಲುಗಳ ಪಾಲೂ ಆಗುತ್ತದೆ. ಯಂತ್ರಶಾಸ್ತ್ರದ ಒಂದು ನಿಯಮವನ್ನು ಇಲ್ಲಿ ನೆನೆಯಬಹುದು. ಬುಡದಲ್ಲಿ ನಾಟಿ ನಿಲ್ಲಿಸಿದ ಒಂದು ಕೋಲು ತುದಿಯ ಭಾರಕ್ಕೆ ಬಾಗಿ ಬೀಳದೆ ಹೊರಬಲ್ಲ ತೂಕವು ಅದರ ಉದ್ದದ ವರ್ಗಕ್ಕೆ ವಿಲೋಮವಾಗಿರುವುದು. ದಪ್ಪವೂ ಗಟ್ಟಿತನವೂ ಬದಲಾಗದಿದ್ದರೆ, ಉದ್ದವನ್ನು ಅರ್ಧಮಾಡಿದ ಕೋಲು ನಾಲ್ಕುಪಟ್ಟು ಭಾರವನ್ನು ಹೊರುವುದು. ಆದುದರಿಂದ ಗಿಡ್ಡ ಗಿಡಕ್ಕೆ ದೊಡ್ಡ ತೆನೆಯನ್ನು ಹೊರಿಸಬಹುದು. ಜಪಾನಿನಲ್ಲಿ ೧೯೩೫ರಲ್ಲಿ ಬಿಡುಗಡೆಯಾದ ‘ನೋರಿನ್ ೧೦’ ಎಂಬ ಗಿಡ್ಡ ಗೋದಿಯು ಅಮೆರಿಕದ ವೋಗೆಲ್, ಮೆಕ್ಸಿಕೊದಲ್ಲಿದ್ದ ಬೋರ್ಲಾಗ್ ಇವರ ಕೈಗಳನ್ನು ದಾಟಿ, ಅದರ ಸಂತತಿಯು ೧೯೬೬ರಲ್ಲಿ ೧೮,೦೦೦ ಟನ್ನು ಬಿತ್ತನೆಬೀಜವಾಗಿ ಭಾರತಕ್ಕೆ ಬಂದ ಕಥೆಯನ್ನು ವಾಚಕರಲ್ಲಿ ಅನೇಕರು ಬಲ್ಲರು.

ಗಿಡ್ಡತನವು ವಂಶಪಾರಂಪರ್ಯವಾಗಿ ಬರುವುದೆಂಬುದನ್ನು ಲೆಕ್ಕಹಾಕಿ ತೋರಿಸಿದ ಮೊದಲಿಗನು ಮೆಂಡೆಲ್. ೧೮೬೫ರಲ್ಲಿ ಅವನು ವಿವರಿಸಿದ ಬಟಾಣಿಯ ಪ್ರಯೋಗಗಳಲ್ಲಿ ಎತ್ತರದ ಗಿಡಗಳು ೬-೭ ಅಡಿ, ಗಿಡ್ಡವು ಮುಕ್ಕಾಲು ಅಡಿಯಿಂದ ಒಂದೂವರೆ ಅಡಿ ಇದ್ದವು. ಇವೆರಡರ ಸಂಕರದ ಎರಡನೆಯ ಪೀಳಿಗೆಯಲ್ಲಿ ೧,೦೬೪ ಗಿಡಗಳಲ್ಲಿ ೭೮೭ ಎತ್ತರವಾಗಿಯೂ ೨೭೭ ಗಿಡ್ಡವಾಗಿಯೂ ಬೆಳೆದವು. ಈ ಮೂರಕ್ಕೆ ಒಂದರ ಲೆಕ್ಕವನ್ನು ಪಾಠಶಾಲೆಯಲ್ಲಿ ಎಲ್ಲರೂ ಉರುಹೊಡೆಯುತ್ತಾರೆ. ಆ ೨೭೭ ಗಿಡಗಳ ಕಾಂಡದೊಳಗೆ ಏನು ಆಗಿತ್ತೆಂದು ಕೇಳುವವರು ಮಾತ್ರ ವಿರಳ.

ಅದನ್ನು ತಿಳಿಯಬೇಕಾದರೆ ಕಾಂಡವು ಬೆಳೆಯುವ ಬಗೆಯನ್ನು ಅರಿಯಬೇಕು. ಕಬ್ಬನ್ನು ಕೈಯಲ್ಲಿ ಹಿಡಿದವರಿಗೆಲ್ಲ ಗಿಣ್ಣಿನ ಪರಿಚಯವುಂಟು. ಎರಡು ಗಿಣ್ಣುಗಳ ನಡುವಣ ಭಾಗವನ್ನು ಅಂತರಗಿಣ್ಣು ಎಂದು ಕರೆಯೋಣ. ಜೋಳ, ಗೋದಿ, ಭತ್ತ ಮುಂತಾದ ಹುಲ್ಲಿನ ಜಾತಿಯ ಗಿಡಗಳಲ್ಲಿ ಎತ್ತರವೆಂದರೆ ಈ ಅಂತರಗಿಣ್ಣುಗಳ ಉದ್ದಗಳ ಮೊತ್ತವೇ. ಬೆಳವಣಿಗೆಯು ಗಿಡದ ತುದಿಯಲ್ಲಿ ಮಾತ್ರ ನಡೆಯುವುದೆಂದು ಭಾವಿಸುವುದು ತಪ್ಪು. ಒಂದೊಂದು ಅಂತರಗಿಣ್ಣಿನ ಬುಡದಲ್ಲಿ, ಗಿಣ್ಣಿನ ಸ್ವಲ್ಪ ಮೇಲೆ, ಕೋಶಗಳು ಎಡೆಬಿಡದೆ ಇಬ್ಭಾಗವಾಗುತ್ತಿರುವ ಒಂದು ಎಳೆಯ ಪಟ್ಟಿಯಿದೆ. ಹೊಲದಲ್ಲಿ ಹುಲ್ಲಿನ ಹೂಗರಿಯನ್ನು ಮೆಲ್ಲನೆ ಮೇಲಕ್ಕೆಳೆದು ಬುಡದ ಬಿಳಿಯ ಮೆದು ಭಾಗವನ್ನು ಅಗಿದು ಸವಿದ ಮಕ್ಕಳು ಈ ಪಟ್ಟಿಯನ್ನು ತಿಳಿಯದೆಯೇ ತಿಂದಿದ್ದಾರೆ! ಎಳೆದಾಗ ಕಾಂಡವು ಅಲ್ಲಿಯೇ ಕಿತ್ತುಬರಲು ಕಾರಣವೆಂದರೆ, ಆ ಕೋಶಗಳ ಭಿತ್ತಿಯು ಇನ್ನೂ ಬಲಿತಿರುವುದಿಲ್ಲ. ಪಟ್ಟಿಯಲ್ಲಿ ಹುಟ್ಟಿದ ಕೋಶಗಳು ಮೇಲಕ್ಕೆ ತಳ್ಳಲ್ಪಟ್ಟು, ಅಲ್ಲಿ ನೀರು ಹೀರಿ ಉದ್ದವಾಗಿ ಹಿಗ್ಗಿ, ಕಡೆಗೆ ಭಿತ್ತಿಯನ್ನು ದಪ್ಪಮಾಡಿಕೊಂಡು ಬೆಳವಣಿಗೆಯನ್ನು ನಿಲ್ಲಿಸುವುವು. ಹುಟ್ಟುವುದು, ಹಿಗ್ಗುವುದು, ಬಲಿಯುವುದು – ಈ ಮೂರು ಹಂತಗಳಲ್ಲಿ ಯಾವುದು ಕೆಟ್ಟರೂ ಕಾಂಡವು ಮೋಟಾಗಬಹುದು.

ಹಿಗ್ಗುವಾಗ ಕೋಶವು ಚೆಂಡಿನಂತೆ ಎಲ್ಲ ಕಡೆಗೂ ಉಬ್ಬದೆ ಉದ್ದಕ್ಕೇ ಏಕೆ ಬೆಳೆಯುವುದೆಂಬುದೂ ಸ್ವಾರಸ್ಯವಾದ ಪ್ರಶ್ನೆ. ಕೋಶಭಿತ್ತಿಯಲ್ಲಿ ಸೆಲ್ಯುಲೋಸಿನ ಅತಿ ಸಣ್ಣ ಎಳೆಗಳು ಪೀಪಾಯಿಗೆ ಬಿಗಿದ ಕಬ್ಬಿಣದ ಪಟ್ಟಿಗಳಂತೆ ಅಡ್ಡಸುತ್ತಾಗಿ ಸುತ್ತಿಕೊಂಡಿರುತ್ತವೆ. ಒಳಗಿನ ನೀರು ಒತ್ತಿದಾಗ ಅಡ್ಡಕ್ಕೆ ಉಬ್ಬಲು ಈ ಪಟ್ಟಿಗಳು ಬಿಡವು. ಆದುದರಿಂದ ಕೋಶವು ಉದ್ದಕ್ಕೆ ಸಾಗುವುದು. ಪಟ್ಟಿಗಳ ಸಾಲು ಅಸ್ತವ್ಯಸ್ತವಾದರೆ ಕೋಶವು ಗುಜ್ಜಾಗಿ, ದುಂಡಗಾಗಿ ಉಳಿದುಬಿಡುವುದು.

ಇನ್ನು ನೋಡುವ ಕ್ರಮ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದನ್ನು ಯಾರಾದರೂ ಮಾಡಬಹುದು. ದೊಡ್ಡ ಉಪಕರಣಗಳು ಬೇಕಿಲ್ಲ. ಜೋಳದ ಎಳೆಯ ಕಾಂಡದಿಂದ ಒಂದು ಅಂತರಗಿಣ್ಣನ್ನು ಕತ್ತರಿಸಿಕೊಂಡು, ಹೊಸ ಕ್ಷೌರದ ಅಲಗನ್ನು ನೀರಿನಲ್ಲಿ ಅದ್ದಿ, ಆದಷ್ಟು ತೆಳುವಾದ ಬಿಲ್ಲೆಗಳನ್ನು ಅಡ್ಡಲಾಗಿ ಕೊಯ್ದು ಗಾಜಿನ ತಟ್ಟೆಯ ನೀರಿಗೆ ಹಾಕಬೇಕು. ಜೋಳದ ಹೊರಪದರದಲ್ಲಿ ಮರಳಿನದೇ ಅಂಶವಾದ ಸಿಲಿಕವಿರುವುದರಿಂದ ಅಲಗು ಬೇಗ ಮೊಂಡಾಗುವುದು; ಎರಡು ಮೂರು ಅಲಗುಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು. ತೇಲುವ ಬಿಲ್ಲೆಗಳಲ್ಲಿ ತೀರ ತೆಳುವಾದುದನ್ನು ಕುಂಚದಿಂದ ಎತ್ತಿ, ಸಫ್ರಾನಿನ್ ಎಂಬ ಕೆಂಪು ಬಣ್ಣದಲ್ಲಿ ಒಂದೆರಡು ನಿಮಿಷ ಇಟ್ಟು ತೊಳೆದು, ಗ್ಲಿಸರಿನ್ ಹನಿಯಲ್ಲಿ ನೋಡಬಹುದು. ಸಂಶೋಧಕರು ಇದನ್ನೇ ಹೆಚ್ಚು ಶ್ರಮಪಟ್ಟು ಮಾಡುತ್ತಾರೆ. ಕಾಂಡದ ಚೂರನ್ನು ಫಾರ್ಮಲಿನ್, ಅಸೆಟಿಕ್ ಆಮ್ಲ, ಆಲ್ಕೊಹಾಲುಗಳ ಮಿಶ್ರಣದಲ್ಲಿ ಅದ್ದಿ ಅದು ಇದ್ದ ಸ್ಥಿತಿಯಲ್ಲಿಯೇ ನಿಲ್ಲಿಸಿ, ಏರುವ ಪ್ರಮಾಣದ ಆಲ್ಕೊಹಾಲಿನಿಂದ ನೀರನ್ನೆಲ್ಲ ಹೊರದೂಡಿ, ಕರಗಿದ ಪ್ಯಾರಾಫಿನ್ ಮೇಣವನ್ನು ಒಳತುಂಬಿ, ಮೈಕ್ರೋಟೋಮ್ ಯಂತ್ರದಲ್ಲಿ ಹತ್ತು ಹನ್ನೆರಡು ಮೈಕ್ರಾನ್ ದಪ್ಪದ ಪದರಗಳನ್ನಾಗಿ ಕೊಯ್ಯುತ್ತಾರೆ. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. ಸಫ್ರಾನಿನ್ ಜೊತೆಗೆ ಫಾಸ್ಟ್ ಗ್ರೀನ್ ಎಂಬ ಹಸುರು ಬಣ್ಣವನ್ನೂ ಹಾಕಿದರೆ ಲಿಗ್ನಿನ್ ತುಂಬಿ ಗಟ್ಟಿಯಾದ ಭಿತ್ತಿಗಳು ಕೆಂಪಾಗಿಯೂ, ಬರೀ ಸೆಲ್ಯುಲೋಸಿನ ಮೆದು ಭಿತ್ತಿಗಳು ಹಸುರಾಗಿಯೂ ತೋರುವುವು.

ಅಡ್ಡಕೊಯ್ತದಲ್ಲಿ ಮೊದಲು ಕಣ್ಣಿಗೆ ಬೀಳುವುದು ಅಲ್ಲಲ್ಲಿ ಚೆಲ್ಲಿದಂತಿರುವ ನಾಳಕೂರ್ಚಗಳು. ಎರಡು ದೊಡ್ಡ ಕಣ್ಣು, ಕೆಳಗೊಂದು ತೆರೆದ ಬಾಯಿ ಇದ್ದಂತೆ ತೋರುವ ಇವು ಸಣ್ಣ ಮುಖಗಳನ್ನು ಹೋಲುತ್ತವೆ. ಒಮ್ಮೆ ನೋಡಿದ ವಿದ್ಯಾರ್ಥಿಯು ಮರೆಯಲಾರ. ಕಣ್ಣುಗಳಾಗಿ ತೋರುವುವು ನೀರನ್ನು ಒಯ್ಯುವ ಕೊಳವೆಗಳು. ಕಾಂಡದ ಅಂಚಿಗೆ ಸರಿದಂತೆಲ್ಲ ಕೂರ್ಚಗಳು ಸಣ್ಣವಾಗಿ, ಒತ್ತಾಗಿ, ದಪ್ಪ ಕೆಂಪು ಭಿತ್ತಿಯ ನಾರುಕೋಶಗಳ ಕವಚವನ್ನು ಹೊದ್ದಿರುವುವು. ಕಾಂಡಕ್ಕೆ ಬಲ ಕೊಡುವುದು ಈ ಅಂಚಿನ ಉಂಗುರ. ನಡುವಿನ ಬೆಂಡು ಮೃದುವಾದ ದೊಡ್ಡ ಕೋಶಗಳಿಂದಾದುದು. ಸಿಹಿರಸವು ಇರುವುದು ಅಲ್ಲಿ. ಗೋದಿ, ಭತ್ತಗಳ ಕಾಂಡವು ನಡುವೆ ಟೊಳ್ಳು, ಜೋಳದ್ದು ತುಂಬಿದ್ದು. ಈ ವ್ಯತ್ಯಾಸವನ್ನು ಜ್ಞಾಪಕದಲ್ಲಿಡಬೇಕು.

ಎತ್ತರದ ಗುಟ್ಟನ್ನು ಹೇಳುವುದು ಮಾತ್ರ ಉದ್ದಕೊಯ್ತವೇ. ಉದ್ದಕ್ಕೆ ಸೀಳಿದ ಬೆಂಡಿನಲ್ಲಿ ಕೋಶಗಳು ಇಟ್ಟಿಗೆಯ ಕಂಬಗಳಂತೆ ಒಂದರ ಮೇಲೊಂದು ಸಾಲಾಗಿ ನಿಂತಿರುವುವು. ಒಂದೊಂದು ‘ಇಟ್ಟಿಗೆ’ಯ ಉದ್ದವನ್ನು ಸೂಕ್ಷ್ಮದರ್ಶಕದ ಕಣ್ಣುಗಾಜಿನೊಳಗಿನ ಅಳತೆಪಟ್ಟಿಯಿಂದ ಅಳೆದು, ಅಂತರಗಿಣ್ಣಿನ ಉದ್ದವನ್ನು ಅದರಿಂದ ಭಾಗಿಸಿದರೆ ಒಂದು ಸಾಲಿನ ಕೋಶಗಳ ಸಂಖ್ಯೆ ತಿಳಿಯುವುದು. ಲೆಕ್ಕದ ಸೌಕರ್ಯಕ್ಕಾಗಿ ಕೆಲವು ಅಂಕೆಗಳನ್ನು ಕಲ್ಪಿಸಿಕೊಳ್ಳೋಣ. ಎತ್ತರದ ಗಿಡದ ಅಂತರಗಿಣ್ಣು ೨೦ ಸೆಂಟಿಮೀಟರ್, ಕೋಶದ ಉದ್ದ ೧೦೦ ಮೈಕ್ರಾನ್ ಇದ್ದರೆ ಸಾಲಿನಲ್ಲಿ ೨,೦೦೦ ಕೋಶಗಳು. ೧೦ ಸೆಂಟಿಮೀಟರಿನ ಒಂದು ಗಿಡ್ಡ ಗಿಡದಲ್ಲಿಯೂ ಕೋಶದ ಉದ್ದ ೧೦೦ ಮೈಕ್ರಾನ್ ಇದ್ದರೆ ಕೋಶಗಳು ೧,೦೦೦ ಮಾತ್ರ. ಅಷ್ಟೇ ಗಿಡ್ಡದಾದ ಇನ್ನೊಂದರಲ್ಲಿ ಕೋಶದ ಉದ್ದ ೫೦ ಮೈಕ್ರಾನ್ ಎಂದು ಕಂಡುಬಂದರೆ ಸಂಖ್ಯೆ ಮತ್ತೆ ೨,೦೦೦. ಮೊದಲನೆಯ ಗಿಡ್ಡವು ಕೋಶಗಳನ್ನು ಹುಟ್ಟಿಸುವುದರಲ್ಲಿ ಹಿಂದೆ ಬಿದ್ದಿದೆ, ಎರಡನೆಯದು ಹಿಗ್ಗಿಸುವುದರಲ್ಲಿ. ಒಂದು ಕೋಶವು ಎರಡಾಗುತ್ತ ಹೋಗುವುದರಿಂದ, ೧,೦೦೦ ಮತ್ತು ೨,೦೦೦ಗಳ ಅಂತರವು ಎಲ್ಲ ಕೋಶಗಳೂ ಇನ್ನೊಂದೇ ಒಂದು ಸಲ ಇಬ್ಭಾಗವಾಗುವಷ್ಟು ಮಾತ್ರ ಎಂಬುದನ್ನೂ ಗಮನಿಸಬೇಕು. ಗಿಡದ ಎತ್ತರವನ್ನು ಅರ್ಧಕ್ಕಿಳಿಸಲು ಎಷ್ಟು ಸಣ್ಣ ತಡೆಯು ಸಾಕು!

ಕೋಶಗಳು ಹಿಗ್ಗುವುದನ್ನೂ ಹುಟ್ಟುವುದನ್ನೂ ಪ್ರಚೋದಿಸುವ ರಾಸಾಯನಿಕಗಳಲ್ಲಿ ಗಿಬ್ಬರೆಲಿನ್ ಎಂಬುದು ಮುಖ್ಯವಾದುದು. ಇದರ ಶೋಧವು ಭತ್ತದ ಒಂದು ರೋಗದಿಂದ ಆಯಿತು. ಆ ರೋಗ ತಗುಲಿದ ಸಸಿಯು ವಿಪರೀತ ಉದ್ದವಾಗಿ ಸೊರಗುವುದು. ರೋಗದ ಶಿಲೀಂಧ್ರವು ಸ್ರವಿಸುವ ವಸ್ತುವೇ ಇದಕ್ಕೆ ಕಾರಣವೆಂದು ೧೯೨೬ರಲ್ಲಿ ಕುರೊಸಾವಾ ತೋರಿಸಿದನು. ೧೯೩೮ರ ಹೊತ್ತಿಗೆ ಯಬುತಾ ಮತ್ತು ಸುಮಿಕಿ ಅದನ್ನು ಹರಳಿನ ರೂಪದಲ್ಲಿ ಪಡೆದರು. ೧೯೫೫-೫೬ರಲ್ಲಿ ಗಿಡ್ಡ ಬಟಾಣಿಗೂ ಗಿಡ್ಡ ಮೆಕ್ಕೆಜೋಳಕ್ಕೂ ಈ ವಸ್ತುವನ್ನು ಹಾಕಿ ನೋಡಿದಾಗ ಅವು ಎತ್ತರದ ಗಿಡಗಳಂತೆಯೇ ಬೆಳೆದವು. ಮೆಂಡೆಲನ ಬಟಾಣಿಗೆ ಕಡಿಮೆಯಾಗಿದ್ದುದು ಈ ವಸ್ತುವೇ. ಅದನ್ನು ತಯಾರಿಸುವ ಕಡೆಯ ಹಂತದ ಕಿಣ್ವದ ವಂಶವಾಹಿ ಕೆಟ್ಟಿತ್ತೆಂದು ೧೯೯೭ರಲ್ಲಿ ತಿಳಿದುಬಂದಿತು. ವಂಶವಾಹಿಯಲ್ಲಿ ಹೀಗೆ ಆಗುವ, ಸಂತತಿಗೂ ಇಳಿಯುವ ಮಾರ್ಪಾಟಿಗೆ ಉತ್ಪರಿವರ್ತನೆಯೆಂದು ಹೆಸರು.

ಗಿಡ್ಡ ಭತ್ತದ ಕಥೆಯೂ ಬಹುಮಟ್ಟಿಗೆ ಇಂಥದೇ. ೧೯೬೬ರಲ್ಲಿ ಬಿಡುಗಡೆಯಾದ ಐ. ಆರ್.-೮ ತಳಿಯಲ್ಲಿ ಗಿಬ್ಬರೆಲಿನ್ ತಯಾರಿಸುವ ಒಂದು ಕಿಣ್ವವು ಕೆಟ್ಟಿದೆ. ಗೋದಿಯದು ಸ್ವಲ್ಪ ಬೇರೆ. ಅಲ್ಲಿ ಗಿಬ್ಬರೆಲಿನ್ ಬೇಕಾದಷ್ಟಿದೆ, ಆದರೆ ಗಿಡಕ್ಕೆ ಅದರ ಮಾತು ಕೇಳಿಸದು. ಬೆಳವಣಿಗೆಯನ್ನು ಹಿಡಿದು ನಿಲ್ಲಿಸುವ ಒಂದು ಪ್ರೋಟೀನು ಎಲ್ಲ ಗಿಡಗಳಲ್ಲಿಯೂ ಇದೆ; ಗಿಬ್ಬರೆಲಿನ್ ಬಂದಾಗ ಅದು ಕರಗಿಹೋಗಬೇಕು. ನೋರಿನ್ ಗೋದಿಯ ಪ್ರೋಟೀನು ಕರಗದೆ ಬಿರಿಯಂತೆ ಕಚ್ಚಿಕೊಂಡೇ ಇರುವುದು. ಇದನ್ನು ೧೯೯೯ರಲ್ಲಿ ಇಂಗ್ಲೆಂಡಿನ ಸಂಶೋಧಕರು ಪ್ರಕಟಿಸಿದರು. ಆದುದರಿಂದ ಗಿಬ್ಬರೆಲಿನ್ ಸಿಂಪಡಿಸಿದರೆ ಗಿಡ್ಡ ಭತ್ತವು ಎತ್ತರವಾಗುವುದು, ಗಿಡ್ಡ ಗೋದಿಯು ಆಗದು. ಗಿಡ್ಡ ಗೋದಿಯ ಉದ್ದಕೊಯ್ತದಲ್ಲಿ ಕಾಣುವುದು ಪ್ರಧಾನವಾಗಿ ಮೋಟಾದ ಕೋಶಗಳು. ಅವುಗಳ ಸಾಲುಗಳು ಕೆಟ್ಟಿರುವುದಿಲ್ಲ. ಕಾಂಡವು ಚಿಕ್ಕದಾದರೂ ಚೊಕ್ಕವಾಗಿರುವುದು.

ಎಲ್ಲ ಗಿಡ್ಡಗಳೂ ಇಷ್ಟು ಚೊಕ್ಕವಾಗಿರುವುದಿಲ್ಲ. ಭತ್ತದಲ್ಲಿ ‘ಡಿ-೬’ ಎಂಬ ಬಗೆಯ ಗಿಡ್ಡವುಂಟು. ಅದರ ಮೇಲ್ತುದಿಯ ಅಂತರಗಿಣ್ಣು ತಕ್ಕಷ್ಟು ಬೆಳೆಯುವುದು, ಅದರ ಕೆಳಗಿನವು ಮಾತ್ರ ಕುಗ್ಗಿಹೋಗಿರುವುವು. ಕಾಂಡದ ಆಕಾರವನ್ನು ನಿರ್ದೇಶಿಸುವ ಒಂದು ವಂಶವಾಹಿಯು ಕೆಟ್ಟುದೇ ಇದಕ್ಕೆ ಕಾರಣವೆಂದು ಜಪಾನಿನಲ್ಲಿ ೧೯೯೯ರಲ್ಲಿ ಕಂಡುಹಿಡಿಯಲಾಯಿತು. ಅಂಥ ಕಾಂಡದ ಕೊಯ್ತದಲ್ಲಿ ಹೊರಪದರದ ಕೋಶಗಳೂ ಅವುಗಳ ಒಳಮಗ್ಗುಲಿನವೂ ವಿಕಾರವಾಗಿವೆ. ಸಣ್ಣ ನಾಳಕೂರ್ಚಗಳು ತಮ್ಮ ಸ್ಥಾನ ತಪ್ಪಿ ನಿಂತಿವೆ. ಅಂಚಿನ ನಾರುಕೋಶಗಳ ಉಂಗುರವು ಸರಿಯಾಗಿ ಮೂಡಿಲ್ಲ. ಕಾಂಡಕ್ಕೆ ಬಲ ಕೊಡುವ ಉಂಗುರವೇ ಕೆಟ್ಟಮೇಲೆ ಗಿಡ್ಡವಾದುದರಿಂದ ಬಂದ ಲಾಭವೇನು? ಬೆಳೆಗಾರನಿಗೆ ಬೇಕಾದುದು ಗಿಡ್ಡ ಕಾಂಡವಲ್ಲ, ಬೀಳದ ಕಾಂಡ. ಎರಡೂ ಒಂದೇ ಎಂದು ಎಣಿಸುವುದರಿಂದ ಎಷ್ಟೋ ಶ್ರಮ ವ್ಯರ್ಥವಾದೀತು.

ಈಗ ನಮ್ಮ ಜೋಳಕ್ಕೆ ಬರೋಣ. ಗೋದಿ, ಭತ್ತಗಳನ್ನು ಗಿಡ್ಡಗೊಳಿಸಿದ ಗಿಬ್ಬರೆಲಿನ್ ದಾರಿಯನ್ನೇ ಜೋಳದಲ್ಲಿಯೂ ಹಿಡಿಯಬಹುದಲ್ಲವೆ ಎಂದು ಯಾರಿಗಾದರೂ ತೋಚುವುದು ಸಹಜ. ಇದಕ್ಕೆ ಉತ್ತರವು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು ೨೦೧೪ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಿಂದ ದೊರೆಯಿತು. ಗಿಬ್ಬರೆಲಿನ್ ತಯಾರಿಕೆಯ ಆರಂಭದ ಹಂತಗಳಿಗೆ ಬೇಕಾದ ನಾಲ್ಕು ವಂಶವಾಹಿಗಳಲ್ಲಿ ಯಾವುದಾದರೊಂದು ಕೆಟ್ಟ ಜೋಳದ ಗಿಡಗಳನ್ನು ಅವರು ಪರೀಕ್ಷಿಸಿದರು. ಅವೆಲ್ಲವೂ ತೀರ ಕುಳ್ಳಾಗಿದ್ದವು. ಅಷ್ಟೇ ಅಲ್ಲ, ಅವುಗಳ ಕಾಂಡವು ನೆಟ್ಟಗೆ ನಿಲ್ಲದೆ ಬಾಗಿ ಸೊಟ್ಟಗಾಗಿತ್ತು. ಗಾಳಿಗೆ ಬಾಗಿದುದಲ್ಲ, ತೆನೆಯ ಭಾರಕ್ಕೆ ಬಾಗಿದುದೂ ಅಲ್ಲ. ಬೆಳೆಯುತ್ತ ಬೆಳೆಯುತ್ತಲೇ ತಾನಾಗಿ ಬಾಗಿದುದು.

ಬಾಗಿದ ಅಂತರಗಿಣ್ಣನ್ನು ಉದ್ದಕ್ಕೆ ಕೊಯ್ದು ಎರಡು ಮಗ್ಗುಲುಗಳ ಕೋಶಗಳನ್ನು ಹೋಲಿಸಿದಾಗ ಕಾರಣವು ಬಯಲಾಯಿತು. ಕಾಂಡದ ಮೇಲ್ಮಗ್ಗುಲಿನಲ್ಲಿಯೂ ಕೆಳಮಗ್ಗುಲಿನಲ್ಲಿಯೂ ಕೋಶಗಳು ಇಬ್ಭಾಗವಾಗಿ ಹೆಚ್ಚುವ ವೇಗವು ಸಮನಾಗಿರಲಿಲ್ಲ. ಒಂದು ಮಗ್ಗುಲಲ್ಲಿ ಕೋಶಗಳು ಹೆಚ್ಚು ಹುಟ್ಟಿ, ಇನ್ನೊಂದರಲ್ಲಿ ಕಡಿಮೆ ಹುಟ್ಟಿದರೆ ಆಗುವುದೇನು? ಚಕ್ಕಡಿಗೆ ಹೂಡಿದ ಎತ್ತುಗಳಲ್ಲಿ ಒಂದು ಬಿರುಸಾಗಿ, ಇನ್ನೊಂದು ನಿಧಾನವಾಗಿ ನಡೆದರೆ ಚಕ್ಕಡಿಯು ಸೊಟ್ಟಗೆ ತಿರುಗುವಂತೆ ಕಾಂಡವೂ ತಿರುಗುವುದು. ಈ ಗಿಡಗಳಿಗೆ ಗಿಬ್ಬರೆಲಿನ್ ಕೊಟ್ಟಾಗ ಕುಳ್ಳುತನವೂ ಸೊಟ್ಟತನವೂ ಕೂಡಿಯೇ ಕಡಿಮೆಯಾದುವು. ತಿರುಗುಮುರುಗಾಗಿ, ಆರೋಗ್ಯವಾದ ಜೋಳಕ್ಕೆ ಗಿಬ್ಬರೆಲಿನ್ ತಯಾರಿಕೆಯನ್ನು ತಡೆಯುವ ಔಷಧಿಯನ್ನು ಹಾಕಿದಾಗ ಅದು ಕುಳ್ಳೂ ಸೊಟ್ಟೂ ಆಯಿತು. ಔಷಧಿಯ ಪ್ರಮಾಣ ಹೆಚ್ಚಿದಷ್ಟೂ ದೋಷವೂ ಹೆಚ್ಚಿತು. ಇದು ಒಳ್ಳೆಯ ಪ್ರಯೋಗಕ್ಕೆ ಮಾದರಿಯೆಂದೇ ನಾವು ಎಣಿಸುವೆವು. ಕೊಟ್ಟು ನೋಡಿದರು, ಕಸಿದು ನೋಡಿದರು. ಎರಡೂ ಒಂದೇ ಸಾಕ್ಷಿ ನುಡಿದವು.

ಜೋಳದ ಕಾಂಡವನ್ನು ನೇರವಾಗಿ ನಿಲ್ಲಿಸುವ ಕೆಲಸವನ್ನೂ ಗಿಬ್ಬರೆಲಿನ್ ಮಾಡುತ್ತಿರುವುದರಿಂದ, ಎತ್ತರವನ್ನು ತಗ್ಗಿಸಲೆಂದು ಅದನ್ನು ತಗ್ಗಿಸಿದರೆ ನೇರವೂ ಹೋಗುವುದು. ಹಿಂದಿನ ರೈತರೂ ತಳಿತಜ್ಞರೂ ಇಂಥ ಗಿಡವನ್ನು ಎಂದಾದರೂ ಹೊಲದಲ್ಲಿ ಕಂಡಿದ್ದರೆ ಕಿತ್ತು ಬದುವಿಗೆ ಎಸೆದಿರಬೇಕು. ಜೋಳದ ಎತ್ತರವನ್ನು ನಿರ್ಧರಿಸುವ ವಂಶವಾಹಿಗಳನ್ನು ಹುಡುಕಿದ ಹಿಂದಿನ ಶೋಧಗಳಲ್ಲಿ ಗಿಬ್ಬರೆಲಿನ್‌ಗೆ ಸಂಬಂಧಿಸಿದವು ಸಿಕ್ಕದೆ ಹೋದುದಕ್ಕೂ ಇದೇ ಕಾರಣವಿರಬಹುದೆಂದು ಆ ಸಂಶೋಧಕರ ಅಭಿಪ್ರಾಯ.

ಹಾಗಾದರೆ ಈಗ ಬೆಳೆಯುವ ಗಿಡ್ಡ ಜೋಳಗಳು ಎಲ್ಲಿಂದ ಬಂದವು? ಅವುಗಳ ಮೂಲವು ಅಮೆರಿಕ. ಅಲ್ಲಿ ೧೯೦೫ರಲ್ಲಿ ಎತ್ತರದ ಜೋಳದ ನಡುವೆ ತಾನಾಗಿ ಹುಟ್ಟಿದ ಒಂದು ಗಿಡ್ಡವನ್ನು ಆರಿಸಿಕೊಂಡರು. ಅನಂತರ ಇನ್ನೂ ಕೆಲವು ಸೇರಿದವು. ಜೋಳದ ಎತ್ತರವು ಮುಖ್ಯವಾಗಿ ನಾಲ್ಕು ವಂಶವಾಹಿಗಳಿಗೆ ಅಧೀನವೆಂದು ಕ್ವಿನ್ಬಿ ಮತ್ತು ಕಾರ್ಪರ್ ೧೯೫೪ರಲ್ಲಿ ತೋರಿಸಿದರು. ಇವನ್ನು ‘ಡ್ವಾರ್ಫ್’ ಒಂದರಿಂದ ನಾಲ್ಕು ಎಂದು ಕರೆಯುವುದು ರೂಢಿ. ಭಾರತದಲ್ಲಿ ೧೯೬೪ರಲ್ಲಿ ಬಿಡುಗಡೆಯಾದ ಮೊದಲ ಸಂಕರ ಜೋಳ ಸಿ. ಎಸ್. ಎಚ್.-೧ರ ತಾಯಿತಳಿಯೂ ಅಮೆರಿಕದಿಂದ ಬಂದ ಗಿಡ್ಡವೇ.

ಡ್ವಾರ್ಫ್-೧ ಕೆಟ್ಟ ಜೋಳದ ಕಾಂಡವನ್ನು ಸೂಕ್ಷ್ಮದರ್ಶಕದಲ್ಲಿ ಅಳೆದ ವರದಿಯು ೨೦೧೬ರಲ್ಲಿ ಹೊರಬಂದಿತು. ಈ ಒಂದು ವಂಶವಾಹಿಯನ್ನು ಬಿಟ್ಟು ಉಳಿದುದರಲ್ಲಿ ಬಹುಮಟ್ಟಿಗೆ ಸಮನಾದ ಎತ್ತರದ ಹಾಗೂ ಗಿಡ್ಡ ಜೋಳಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಲಾಯಿತು. ಬೆಂಡಿನ ಕೋಶದ ಉದ್ದವು ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ. ಕೋಶಗಳ ಸಂಖ್ಯೆ ಮಾತ್ರ ಗಿಡ್ಡದಲ್ಲಿ ಬಹಳ ಕಡಿಮೆ. ನಮ್ಮ ಮೇಲಿನ ಲೆಕ್ಕದ ಮೊದಲನೆಯ ಗಿಡ್ಡವೆಂದರೆ ಇದೇ. ಕೋಶಗಳ ಹುಟ್ಟು ಎಲ್ಲ ಮಗ್ಗುಲಲ್ಲಿಯೂ ಸಮನಾಗಿ ತಗ್ಗಿರುವುದರಿಂದ ಕಾಂಡವು ನೇರವಾಗಿಯೇ ಇದೆ. ಗಿಬ್ಬರೆಲಿನ್ ಕೊರತೆಯ ಗಿಡದಲ್ಲಿಯೂ ಕೋಶಗಳ ಹುಟ್ಟೇ ಏರುಪೇರಾದುದು. ಆದರೆ ಅಲ್ಲಿ ಮಗ್ಗುಲಿಗೊಂದು ಬಗೆ, ಇಲ್ಲಿ ಎಲ್ಲಕ್ಕೂ ಒಂದೇ ಬಗೆ. ಒಂದು ಬೆಳೆಯಾಯಿತು, ಇನ್ನೊಂದು ಕಸವಾಯಿತು.

ಡ್ವಾರ್ಫ್-೩ರ ವಿಷಯವು ಬೇರೆ. ಆಕ್ಸಿನ್ ಎಂಬ ಇನ್ನೊಂದು ಬೆಳವಣಿಗೆಯ ವಸ್ತುವು ಕಾಂಡದಲ್ಲಿ ಮೇಲಿನಿಂದ ಕೆಳಕ್ಕೆ ಕೋಶದಿಂದ ಕೋಶಕ್ಕೆ ದಾಟುತ್ತ ಇಳಿಯುವುದು. ಅದನ್ನು ದಾಟಿಸುವ ದ್ವಾರಪಾಲಕ ಪ್ರೋಟೀನುಗಳಲ್ಲಿ ಒಂದು ಕೆಟ್ಟುದರಿಂದ ಉಂಟಾದ ಗಿಡ್ಡವಿದು ಎಂದು ೨೦೦೩ರಲ್ಲಿ ಗೊತ್ತಾಯಿತು. ಇದಕ್ಕೊಂದು ವಿಚಿತ್ರವಾದ ಗುಣವುಂಟು. ಕೆಟ್ಟ ವಂಶವಾಹಿಯೊಳಗೆ ಒಂದು ತುಣುಕು ಎರಡು ಸಲ ಬರೆದಿದೆ. ವರ್ಣತಂತುಗಳು ಜೋಡಿಯಾಗಿ ತುಣುಕುಗಳನ್ನು ಅದಲುಬದಲು ಮಾಡಿಕೊಳ್ಳುವಾಗ ಒಮ್ಮೊಮ್ಮೆ ಜೋಡಣೆ ತಪ್ಪಿ, ಹೆಚ್ಚಿನ ತುಣುಕು ಕಳಚಿಬೀಳುವುದು. ವಂಶವಾಹಿಯು ಮತ್ತೆ ಸರಿಯಾಗಿಬಿಡುವುದು. ಒಂದೇ ಸಮನೆಯ ಗಿಡ್ಡ ಜೋಳದ ಹೊಲದಲ್ಲಿ ಇದ್ದಕ್ಕಿದ್ದಂತೆ ಅಲ್ಲೊಂದು ಇಲ್ಲೊಂದು ಎತ್ತರದ ಗಿಡ ತಲೆಯೆತ್ತುವುದನ್ನು ಕಂಡವರು ಬೀಜ ಮಾರಿದವನನ್ನು ಬೈಯುವುದುಂಟು. ಬೀಜವು ಕಲಬೆರಕೆಯಾಗಿರಲೇಬೇಕೆಂದಿಲ್ಲ, ಕೆಟ್ಟುದು ತಾನಾಗಿ ನೆಟ್ಟಗಾಗಿರಬಹುದು.

ಇಷ್ಟೆಲ್ಲ ಆದರೂ ಹಿಂಗಾರಿಯ ಎರೆಹೊಲಗಳಲ್ಲಿ ಗಿಡ್ಡ ಜೋಳವು ಬೇರುಬಿಡಲಿಲ್ಲ. ೧೯೩೦ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಆರಿಸಿದ ಎಂ. ೩೫-೧, ಎಂದರೆ ನಮ್ಮ ಮಾಲದಂಡಿ ಜೋಳವು ಎತ್ತರದ ತಳಿ. ಮುಂಗಾರಿಯಲ್ಲಿ ಸಂಕರ ಜೋಳಗಳು ಹಬ್ಬಿದರೂ ಹಿಂಗಾರಿಯಲ್ಲಿ ಮಾಲದಂಡಿಯು ದಶಕಗಳ ಕಾಲ ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ರೊಟ್ಟಿಗೆ ಅದರ ಹಿಟ್ಟು ಒಗ್ಗುವುದೆಂಬುದೂ, ಕಾಳಿನ ಬಿಳುಪೂ ಇದಕ್ಕೆ ಕಾರಣಗಳು ಹೌದು. ಆದರೆ ಕಾಂಡವನ್ನು ಮರೆಯಬಾರದು. ತೆನೆ ಮುರಿದಮೇಲೆ ಉಳಿಯುವ ಕಣಿಕೆಯು ಬೇಸಗೆಯಲ್ಲಿ ದನಗಳಿಗೆ ಆಧಾರ. ಸೂಡು ಕಟ್ಟಿ ಬಣವೆ ಒಟ್ಟಿದ ಕಣಿಕೆಯು ಮನೆಯ ಮುಂದಿದ್ದರೆ ಎತ್ತು ಬದುಕಿತು, ಎತ್ತು ಬದುಕಿದರೆ ಬೇಸಾಯ ನಡೆಯಿತು. ಅರ್ಧ ಕಾಂಡವೆಂದರೆ ಅರ್ಧ ಬಣವೆ. ಕಾಳಿನ ಲೆಕ್ಕವನ್ನು ಮಾತ್ರ ಬರೆದುಕೊಂಡು ‘ರೈತನು ಹೊಸತನ್ನು ಒಪ್ಪುವುದಿಲ್ಲ’ ಎಂದು ಹೇಳುವವರು ಅರ್ಧ ಲೆಕ್ಕವನ್ನೇ ಬರೆದಂತಾಯಿತು.

ಇದೇ ಊರಿನ ಗೋದಿಯ ಕಥೆ ಇದಕ್ಕೆ ವಿರುದ್ಧವಾಗಿದೆ. ಧಾರವಾಡದ ಸುತ್ತಿನಲ್ಲಿ ಶಾವಿಗೆ, ಹುಗ್ಗಿ, ಮಾದೇಲಿಗಳಿಗಾಗಿ ಬೆಳೆಯುವ ಸದಕ, ಅಥವಾ ಜವೆಗೋದಿಯು ಮೊದಲು ಎತ್ತರದ್ದು. ನೀರು ಕಟ್ಟಿ ಬೆಳೆಸಿದರೆ ಮಲಗುವುದು. ಇಲ್ಲಿ ಗಿಡ್ಡಮಾಡುವುದೇ ಹಿತ. ಆದರೆ ನೋರಿನ್ ಗೋದಿಯ ಎರಡು ಗಿಡ್ಡ ವಂಶವಾಹಿಗಳಲ್ಲಿ ಒಂದು ಜವೆಗೋದಿಗೆ ಒದಗುವಂತಿಲ್ಲ. ಸಾಮಾನ್ಯ ಗೋದಿಯಲ್ಲಿ ವರ್ಣತಂತುಗಳು ೪೨. ಎ, ಬಿ, ಡಿ ಎಂಬ ಮೂರು ತಂಡಗಳು. ಜವೆಗೋದಿಯಲ್ಲಿ ೨೮, ಎ ಮತ್ತು ಬಿ ತಂಡಗಳು ಮಾತ್ರ. ನೋರಿನ್ನಿನ ಒಂದು ವಂಶವಾಹಿಯು ಬಿ ತಂಡದಲ್ಲಿಯೂ ಇನ್ನೊಂದು ಡಿ ತಂಡದಲ್ಲಿಯೂ ಇರುವುದರಿಂದ ಎರಡನೆಯದಕ್ಕೆ ಇಲ್ಲಿ ಕೂರಲು ಮಣೆಯೇ ಇಲ್ಲ. ಧಾರವಾಡದಲ್ಲಿ ೧೯೪೭ರಲ್ಲಿ ಕೃಷಿ ಕಾಲೇಜಾಗಿ ಆರಂಭವಾಗಿ ೧೯೮೬ರಲ್ಲಿ ಕೃಷಿ ವಿಶ್ವವಿದ್ಯಾಲಯವಾದ ಸಂಸ್ಥೆಯಿಂದ ಡಿ. ಡಿ. ಕೆ. ೧೦೦೯, ಡಿ. ಡಿ. ಕೆ. ೧೦೨೯ ಮುಂತಾದ ಗಿಡ್ಡ ಜವೆಗೋದಿಗಳು ಹೊರಬಂದಿವೆ.

ಹಿಂಗಾರಿ ಜೋಳವು ನೆಲಕ್ಕೆ ಒರಗುವುದಕ್ಕೆ ಎತ್ತರವೊಂದೇ ಕಾರಣವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಹೂವಾದ ಮೇಲೆ ನೆಲದ ತೇವ ಆರುತ್ತ ಬಂದಾಗ ಕಾಳು ತುಂಬಿಕೊಳ್ಳಲು ಗಿಡವು ಕಾಂಡದಲ್ಲಿ ಕೂಡಿಟ್ಟ ಸಕ್ಕರೆಯನ್ನೇ ಹೀರಿಕೊಳ್ಳುವುದು. ಬುಡದ ಬೆಂಡಿನ ಕೋಶಗಳು ಆಗ ಬರಿದಾಗಿ ಬಡಕಲಾಗುವುವು. ಮಣ್ಣಿನಲ್ಲಿ ಹೊಂಚುಹಾಕಿದ ಮ್ಯಾಕ್ರೊಫೋಮಿನಾ ಎಂಬ ಶಿಲೀಂಧ್ರವು ಬೇರಿನ ಮೂಲಕ ಒಳಹೊಕ್ಕು ಆ ಕೋಶಗಳನ್ನು ಕರಗಿಸಿಬಿಡುವುದು. ಅದರಿಂದ ಒಳಗೆಲ್ಲ ಇದ್ದಿಲಿನಂತೆ ಕಪ್ಪಾಗುವ ಕಾಂಡಕೊಳೆ ರೋಗವು ಬರುವುದು. ಗಿಡ್ಡ ಜೋಳಕ್ಕೂ ಇದರಿಂದ ಬಿಡುಗಡೆಯಿಲ್ಲ. ಕೊನೆಯವರೆಗೂ ಎಲೆಗಳನ್ನು ಹಸುರಾಗಿ ಉಳಿಸಿಕೊಳ್ಳಬಲ್ಲ ಜೋಳಗಳು ಈ ರೋಗವನ್ನು ಹೆಚ್ಚು ತಾಳಿಕೊಳ್ಳುವುದರಿಂದ, ಎತ್ತರವನ್ನು ಕಡಿಯದೆ ಬೀಳುವುದನ್ನು ತಪ್ಪಿಸಲು ತಳಿತಜ್ಞರು ಆ ಗುಣವನ್ನು ಹುಡುಕುತ್ತಾರೆ.

ರೋಗ ಹತ್ತಿದ ಕಾಂಡವನ್ನು ಗುರುತಿಸುವುದು ಕಷ್ಟವಲ್ಲ. ಸುಗ್ಗಿಯ ಹೊತ್ತಿಗೆ ಬುಡಮುರಿದು ಬಿದ್ದ ಒಂದು ಜೋಳದ ದಂಟನ್ನು ಎತ್ತಿಕೊಂಡು, ಕೆಳಗಿನ ಒಂದೆರಡು ಅಂತರಗಿಣ್ಣುಗಳನ್ನು ಉದ್ದಕ್ಕೆ ಸೀಳಿದರೆ ಸಾಕು; ಬೆಂಡು ಮಾಯವಾಗಿ, ಮುಖಗಳಂತೆ ಕಂಡ ಆ ನಾಳಕೂರ್ಚಗಳು ಮಾತ್ರ ಬಿಡಿಬಿಡಿಯಾದ ದಾರಗಳಾಗಿ ಉಳಿದಿರುವುವು, ಅವುಗಳ ಮೈತುಂಬ ಕಾಡಿಗೆಯ ಹುಡಿಯಂಥ ಕಪ್ಪು ಕಣಗಳು ಅಂಟಿಕೊಂಡಿರುವುವು.